ಬಸುರಿಗೆ ಬಂದ ಜ್ವರ, ಕೂಸಿನ ಲೆಕ್ಕ: ವಾರ, ದಿನ, ಗಂಟೆ ನೋಡುವ ಬಗೆ

ಬಸುರಿಗೆ ಜ್ವರ ಬಂದು ಅದು ವೈರಸ್ ಎಂದು ಗೊತ್ತಾದ ಕೂಡಲೇ ಮನೆಯವರು ಕೇಳುವುದು ಒಂದೇ: "ಕೂಸಿಗೆ ಏನರ ಆಗ್ತದೇನ್ರಿ?" ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ರುಬೆಲ್ಲಾ (ಸಣ್ಣ ಕೆಂಪು ದದ್ದು ಏಳುವ ವೈರಸ್ ಜ್ವರ) 10ನೇ ವಾರದಲ್ಲಿ ಬಂದರೆ ಮಗುವಿನ ಕಣ್ಣು, ಕಿವಿ, ಹೃದಯ ಮೂರೂ ಕೆಡಬಹುದು. ಅದೇ ರುಬೆಲ್ಲಾ 30ನೇ ವಾರದಲ್ಲಿ ಬಂದರೆ ಸಾಮಾನ್ಯವಾಗಿ ಅಂಗದೋಷ ಆಗುವುದಿಲ್ಲ. ಚಿಕೂನ್‌ಗುನ್ಯಾದ್ದು ಉಲ್ಟಾ ಲೆಕ್ಕ. ನಾಲ್ಕನೇ ತಿಂಗಳಲ್ಲಿ ಬಂದು ಹೋದರೆ ಕೂಸಿಗೆ ಭಯ ಕಡಿಮೆ, ಹೆರಿಗೆ ನೋವಿನ ಹೊತ್ತಿಗೆ ಬಂದರೆ ದೊಡ್ಡ ಅಪಾಯ. ಹೀಗಾಗಿ ಯಾವ ವೈರಸ್, ಎಷ್ಟನೇ ವಾರ, ಹೆರಿಗೆಗೆ ಎಷ್ಟು ದಿನ ಮೊದಲು ಎನ್ನುವ ಮೂರು ಸಂಗತಿ ಕೈಯಲ್ಲಿರಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಈ ಮೂರರಲ್ಲಿ ಹೆಚ್ಚಾಗಿ ಕಳೆದುಹೋಗುವುದು ದಿನಾಂಕ.

ಮೊದಲು ದಿನಾಂಕ

ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ, ಮುಟ್ಟು ನಿಂತ ದಿನದಿಂದಲ್ಲ. ಆ ದಿನಕ್ಕೆ 9 ತಿಂಗಳು 7 ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ ಸಿಗುತ್ತದೆ. "ಅಜ್ಜನ ಜಾತ್ರಿ ತೇರು ಎಳೆದ ಮರುದಿನ", "ಉಗಾದಿಗೆ ನಾಲ್ಕು ದಿನ ಇತ್ತು" ಎಂದು ಹೇಳುವವರೇ ಹೆಚ್ಚು. ಅದೇನೂ ತಪ್ಪಲ್ಲ, ಕ್ಯಾಲೆಂಡರ್ ತೆಗೆದು ಆ ತೇರಿನ ತಾರೀಖು ಹುಡುಕಿ ಬರೆದರೆ ಆಯಿತು. ಮುಟ್ಟು ಹಿಂದೆಮುಂದೆ ಆಗುವವರಿಗೆ ಮೊದಲ ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನಿಂಗ್‌ನ ದಿನಾಂಕವೇ ಖರೆ.

ಜ್ವರ ಬಂದರೆ ತಾಯಿ ಕಾರ್ಡಿನ ಖಾಲಿ ಜಾಗದಲ್ಲಿ ಹೀಗೆ ಬರೆಯಿರಿ, ಇಲ್ಲವೇ ಆಶಾ ಕಾರ್ಯಕರ್ತೆಯಿಂದ ಬರೆಸಿ: "ಜ್ವರ 12-8ಕ್ಕೆ ಶುರು, 101 ಡಿಗ್ರಿ. 15-8ಕ್ಕೆ ಇಳಿಯಿತು. ಕೀಲುನೋವು ಉಂಟು, ಗುಳ್ಳೆ ಇಲ್ಲ. ಡೆಂಗಿ ಎನ್‌ಎಸ್1 ನೆಗೆಟಿವ್, 13-8." ಓಣಿಯಲ್ಲಿ ಬೇರೆ ಯಾರಿಗೆ ಇಂಥದೇ ಜ್ವರ ಇತ್ತು ಎಂಬುದೂ ಇರಲಿ. ಹೆರಿಗೆ ಕೋಣೆಯಲ್ಲಿ ರಾತ್ರಿ ಎರಡು ಗಂಟೆಗೆ ನೋಡುವ ವೈದ್ಯರಿಗೆ ಹತ್ತು ಪುಟದ ಲ್ಯಾಬ್ ರಿಪೋರ್ಟಿಗಿಂತ ಈ ಎರಡು ಸಾಲು ಹೆಚ್ಚು ಕೆಲಸಕ್ಕೆ ಬರುತ್ತವೆ.

ಜ್ವರದ ದಿನ ಮಾಡುವುದು, ಮಾಡಬಾರದ್ದು

ಪ್ಯಾರಾಸಿಟಮಾಲ್ 500 ಅಥವಾ 650 ಮಿ.ಗ್ರಾಂ ಗುಳಿಗೆ, ಎರಡರ ನಡುವೆ ಕನಿಷ್ಠ 6 ಗಂಟೆ ಬಿಟ್ಟು, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. ಜ್ವರವನ್ನು ಹಾಗೇ ಸುಡಲು ಬಿಡಬೇಡಿ. ಮೊದಲ ತಿಂಗಳುಗಳಲ್ಲಿ ತೀವ್ರ ಜ್ವರವೇ ಭ್ರೂಣಕ್ಕೆ ಒಳ್ಳೆಯದಲ್ಲ. ಮಜ್ಜಿಗೆ, ಗಂಜಿ, ಓಆರ್‌ಎಸ್, ನೀರು ಧಾರಾಳ ಇರಲಿ.

ಆರ್‌ಎಂಪಿ ಹತ್ತಿರ ಹೋಗಿ "ಒಂದು ಸೂಜಿ ಮಾಡಿಬಿಡ್ರಿ" ಎನ್ನುವ ರೂಢಿ ಇಲ್ಲಿ ನಿಲ್ಲಬೇಕು. ನೋವಿಗೆ ಮಾಡುವ ಆ ಸೂಜಿ ಬಹಳ ಸಲ ಡೈಕ್ಲೋಫಿನಾಕ್ ಆಗಿರುತ್ತದೆ. ಅದು ಡೆಂಗಿ ಇದ್ದರೆ ರಕ್ತಸ್ರಾವ ಹೆಚ್ಚಿಸುತ್ತದೆ, ಪ್ಲೇಟ್‌ಲೆಟ್ ಇಳಿದಿದ್ದರೆ ಸೂಜಿ ಚುಚ್ಚಿದ ಮಾಂಸದೊಳಗೆ ರಕ್ತ ಕಟ್ಟುತ್ತದೆ. ಐದು ತಿಂಗಳು ದಾಟಿದ ಮೇಲೆ ಇದೇ ಔಷಧದಿಂದ ಮಗುವಿನ ಸುತ್ತಲಿನ ನೀರು ಕಡಿಮೆಯಾಗಬಹುದು, ಏಳು ತಿಂಗಳ ನಂತರ ಮಗುವಿನ ಹೃದಯದ ಹತ್ತಿರದ ಮುಖ್ಯ ರಕ್ತನಾಳವೊಂದು ಹುಟ್ಟುವ ಮೊದಲೇ ಮುಚ್ಚಿಕೊಳ್ಳಬಹುದು. ಐಬುಪ್ರೊಫೇನ್ ಕೂಡ ಅದೇ ಜಾತಿಯದು. ಪಪ್ಪಾಯಿ ಎಲೆಯ ರಸವೂ ಬಸುರಿಗೆ ಬೇಡ. ಒಂದು ವಿನಾಯಿತಿ ಇದೆ: ಬಿಪಿ ತೊಂದರೆ ತಡೆಯಲು ವೈದ್ಯರೇ ಸಣ್ಣ ಪ್ರಮಾಣದ ಆಸ್ಪಿರಿನ್ ಬರೆದುಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಡಿ, ಜ್ವರದ ಸಂಗತಿ ಅವರಿಗೆ ಅದೇ ದಿನ ತಿಳಿಸಿ ಕೇಳಿ.

ಡೆಂಗಿ ಪರೀಕ್ಷೆಯಲ್ಲಿ ಎಡವುವುದು ದಿನದ ಲೆಕ್ಕದಲ್ಲೇ. ಎನ್‌ಎಸ್1 ಹೇಳುವುದು ಜ್ವರದ ಮೊದಲ 5 ದಿನ. ಆರನೇ ದಿನ ಹೋಗಿ ಎನ್‌ಎಸ್1 ನೆಗೆಟಿವ್ ತಂದು "ಡೆಂಗಿ ಅಲ್ಲ" ಎಂದು ಕೂರುವುದು ತಪ್ಪು. ಆಗ ಐಜಿಎಂ (ಸೋಂಕಿನ ವಿರುದ್ಧ ಮೈಯಲ್ಲಿ ಹುಟ್ಟುವ ಪ್ರತಿಕಾಯ ನೋಡುವ ರಕ್ತ ಪರೀಕ್ಷೆ) ಮಾಡಿಸಬೇಕು. ಇನ್ನೊಂದು ಮೋಸ: ಬಸಿರಿನಲ್ಲಿ ರಕ್ತ ಸಹಜವಾಗಿಯೇ ತೆಳುವಾಗಿರುವುದರಿಂದ, ಡೆಂಗಿಯಲ್ಲಿ ರಕ್ತ ಗಟ್ಟಿಯಾಗುವುದನ್ನು ತೋರಿಸುವ ಹೆಮಟೋಕ್ರಿಟ್ ಅಂಕಿ ನಾರ್ಮಲ್ ಎಂದೇ ಕಾಣಬಹುದು. ಹಳೆಯ ರಿಪೋರ್ಟಿನ ಅಂಕಿಯ ಜೊತೆ ಹೋಲಿಸಿದರೆ ಮಾತ್ರ ಏರಿದ್ದು ಗೊತ್ತಾಗುತ್ತದೆ. ಹಳೆಯ ರಿಪೋರ್ಟ್ ಬಿಸಾಡಬೇಡಿ.

ಜ್ವರ ಇಳಿದ ಮೇಲಿನ 24ರಿಂದ 48 ಗಂಟೆಯೇ ಡೆಂಗಿಯ ಕೆಟ್ಟ ಹೊತ್ತು. "ಜ್ವರ ಬಿಡ್ತು, ಆರಾಮ ಆತು" ಎಂದು ಮನೆಗೆ ಹೊರಡುವುದೂ ಆಗಲೇ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಆರು ಗಂಟೆಯಾದರೂ ಮೂತ್ರ ಇಲ್ಲದಿರುವುದು, ಹೊಟ್ಟೆಯೊಳಗೆ ಮಗುವಿನ ಮಿಸುಕಾಟ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ, ರಕ್ತನಿಧಿ ಇರುವ ಆಸ್ಪತ್ರೆಗೇ ಹೋಗಿ.

ಸೊಳ್ಳೆ ತರುವ ಮೂರು

ಡೆಂಗಿ, ಚಿಕೂನ್‌ಗುನ್ಯಾ, ಝೀಕಾ ಮೂರನ್ನೂ ತರುವುದು ಹಗಲು ಕಚ್ಚುವ ಈಡಿಸ್ ಸೊಳ್ಳೆ. ಇದು ಗದ್ದೆಯ ನೀರಿನಲ್ಲಲ್ಲ, ಮನೆಯೊಳಗೆ ತುಂಬಿಟ್ಟ ತಿಳಿನೀರಿನಲ್ಲಿ ಬೆಳೆಯುತ್ತದೆ. ನಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ ಬರುವ ಓಣಿಗಳಲ್ಲಿ ಡ್ರಮ್ಮು, ಹರವಿ, ಸಿಮೆಂಟ್ ತೊಟ್ಟಿ ತುಂಬಿಡದೆ ಗತಿಯಿಲ್ಲ ಎಂಬುದು ನಿಜವೇ. ಮೊಟ್ಟೆಯಿಂದ ಸೊಳ್ಳೆಯಾಗಲು 7ರಿಂದ 10 ದಿನ ಬೇಕು. ಆದ್ದರಿಂದ ವಾರಕ್ಕೊಂದು ದಿನ ಗೊತ್ತು ಮಾಡಿ ಎಲ್ಲವನ್ನೂ ಖಾಲಿ ಮಾಡಬೇಕು. ಬರೀ ಚೆಲ್ಲಿದರೆ ಸಾಲದು. ಮೊಟ್ಟೆ ನೀರಿನ ಅಂಚಿನ ಗೋಡೆಗೆ ಅಂಟಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ತೆಂಗಿನ ನಾರು ಇಲ್ಲವೇ ಬ್ರಷ್ ಹಿಡಿದು ಗೋಡೆ ತಿಕ್ಕಬೇಕು. ಖಾಲಿ ಮಾಡಲಾಗದ ತೊಟ್ಟಿಗೆ ಹಳೆಯ ಧೋತರ ಬಿಗಿಯಾಗಿ ಕಟ್ಟಿ. ಕೂಲರಿನ ನೀರು, ಫ್ರಿಜ್ಜಿನ ಹಿಂದಿನ ತಟ್ಟೆ, ಮಾಳಿಗೆ ಮೇಲಿನ ಟೈರು ಮರೆಯಬೇಡಿ. ಬಸುರಿ ಮಧ್ಯಾಹ್ನ ಮಲಗುವಾಗಲೂ ಸೊಳ್ಳೆಪರದೆ ಇರಲಿ, ಏಕೆಂದರೆ ಈ ಸೊಳ್ಳೆ ಕಚ್ಚುವುದು ಆಗಲೇ.

ಹೆರಿಗೆಯ ಆಸುಪಾಸಿನಲ್ಲಿ ತಾಯಿಗೆ ಡೆಂಗಿ ಬಂದಿದ್ದರೆ ಕೂಸಿಗೆ ಮೊದಲ ಒಂದೂವರೆ ವಾರದೊಳಗೆ ಜ್ವರ, ಚರ್ಮದ ಮೇಲೆ ಸೂಜಿಮೊನೆಯಂಥ ಕೆಂಪು ಚುಕ್ಕೆ, ಪ್ಲೇಟ್‌ಲೆಟ್ ಇಳಿತ ಕಾಣಬಹುದು. ಎಲ್ಲ ಕೂಸಿಗೂ ಆಗುವುದಿಲ್ಲ, ಆದರೆ ಎಲ್ಲ ಕೂಸಿನ ಮೇಲೂ ಕಣ್ಣಿರಬೇಕು.

ಚಿಕೂನ್‌ಗುನ್ಯಾದ ಮಾತನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಮೋಸ ಹೋಗುವುದು ಇಲ್ಲೇ ಹೆಚ್ಚು. ಹೆರಿಗೆಯ ಹೊತ್ತಿನಲ್ಲಿ ತಾಯಿಯ ರಕ್ತದಲ್ಲಿ ವೈರಸ್ ಇದ್ದರೆ ಸುಮಾರು ಅರ್ಧದಷ್ಟು ಕೂಸುಗಳಿಗೆ ಅದು ದಾಟುತ್ತದೆ. ಸಿಸೇರಿಯನ್ ಮಾಡಿದರೂ ತಡೆಯುವುದಿಲ್ಲ, ಆದ್ದರಿಂದ ಇದಕ್ಕೆಂದೇ ಸಿಸೇರಿಯನ್ ಕೇಳಬೇಡಿ. ಹುಟ್ಟಿದಾಗ ಕೂಸು ಚೆನ್ನಾಗಿರುತ್ತದೆ, ಅಳುತ್ತದೆ, ಹಾಲು ಕುಡಿಯುತ್ತದೆ, ತೂಕವೂ ಸರಿ. ಎರಡನೇ ದಿನ ಡಿಸ್‌ಚಾರ್ಜ್ ಆಗುತ್ತದೆ. ತೊಂದರೆ ಶುರುವಾಗುವುದು 3ರಿಂದ 7ನೇ ದಿನದೊಳಗೆ, ಮನೆಯಲ್ಲಿ. ಜ್ವರ, ಮೊಲೆ ಬಿಟ್ಟುಬಿಡುವುದು, ಕೈಕಾಲು ಊದುವುದು, ಎತ್ತಿದರೆ ಮುಟ್ಟಿದರೆ ಚೀರುವುದು, ಮೈಮೇಲೆ ಕೆಂಪು, ಆಮೇಲೆ ಮೂಗಿನ ತುದಿ ಕಪ್ಪಾಗುವುದು. ಆ ಕಪ್ಪನ್ನು ದೃಷ್ಟಿ ತಾಗಿದೆ ಎಂದು, ಚೀರುವುದನ್ನು ಹೊಟ್ಟೆ ಶೂಲೆ ಎಂದು ತಿಳಿದು ದಿನ ಕಳೆಯುತ್ತಾರೆ. ಮೆದುಳಿಗೆ ಏರಿದರೆ ಫಿಟ್ಸ್ ಬರುತ್ತದೆ, ಮುಂದೆ ಬೆಳವಣಿಗೆ ಕುಂಠಿತವಾಗಬಹುದು. ವೈರಸ್ಸನ್ನು ಕೊಲ್ಲುವ ಔಷಧ ಇದಕ್ಕಿಲ್ಲ. ಆದರೆ ಗ್ಲೂಕೋಸ್, ಉಸಿರಾಟ, ಫಿಟ್ಸ್ ನೋಡಿಕೊಳ್ಳುವ ನವಜಾತ ಶಿಶು ಘಟಕದಲ್ಲಿ ಹೊತ್ತಿಗೆ ಸರಿಯಾಗಿ ಸೇರಿಸಿದರೆ ಬಹಳ ಕೂಸುಗಳು ಉಳಿಯುತ್ತವೆ. ಹೆರಿಗೆಗೆ ಒಂದು ವಾರ ಮೊದಲಿನಿಂದ ಹೆರಿಗೆಯ ಮರುದಿನದವರೆಗೆ ತಾಯಿಗೆ ಜ್ವರ-ಕೀಲುನೋವು ಬಂದಿದ್ದರೆ, ಕೂಸು ಎಷ್ಟೇ ಚೆನ್ನಾಗಿ ಕಂಡರೂ ಒಂದು ವಾರ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳಲು ಕೇಳಿ. ಎದೆಹಾಲು ನಿಲ್ಲಿಸುವುದು ಬೇಡ.

ಝೀಕಾ ಅಪರೂಪ, ಆದರೆ ದೂರದ ಊರಿನ ಕಥೆಯಲ್ಲ. 2022ರ ಡಿಸೆಂಬರ್‌ನಲ್ಲಿ ರಾಜ್ಯದ ಮೊದಲ ಪ್ರಕರಣ ಖಚಿತವಾದದ್ದು ರಾಯಚೂರು ಜಿಲ್ಲೆಯಲ್ಲೇ. ಮೊದಲ ಮೂರು ತಿಂಗಳಲ್ಲಿ ಬಂದರೆ ಮಗುವಿನ ತಲೆ ಸಣ್ಣದಾಗಿ, ಮೆದುಳು ಬೆಳೆಯದೆ ಹೋಗುವ ಅಪಾಯ ಹೆಚ್ಚು. ಇದು ಲೈಂಗಿಕ ಸಂಪರ್ಕದಿಂದಲೂ ಹರಡುತ್ತದೆ. ಊರಲ್ಲಿ ಝೀಕಾ ಸುದ್ದಿ ಇದ್ದರೆ ಬಸಿರು ಮುಗಿಯುವವರೆಗೂ ಗಂಡ ಕಾಂಡೋಮ್ ಬಳಸಬೇಕು. ಈ ಮಾತನ್ನು ಅತ್ತೆಯ ಎದುರು ಹೇಳಲಾಗದು, ಆಶಾ ಅಕ್ಕನವರು ಇಬ್ಬರನ್ನೇ ಕರೆದು ಹೇಳುವುದು ಒಳ್ಳೆಯದು.

"ಅಮ್ಮ" ಬಂದಾಗ

ನೀರುಗುಳ್ಳೆಯ ಅಮ್ಮ, ಅಂದರೆ ಚಿಕನ್‌ಪಾಕ್ಸ್. ಚಿಕ್ಕಂದಿನಲ್ಲಿ ಒಮ್ಮೆ ಆಗಿದ್ದರೆ ಬಹುತೇಕ ಮತ್ತೆ ಬರುವುದಿಲ್ಲ. ತವರಿನ ಹಿರಿಯರನ್ನು ಕೇಳಿದರೆ ಗೊತ್ತಾಗುತ್ತದೆ. ಆಗಿರದ ಬಸುರಿ ಗುಳ್ಳೆ ಎದ್ದವರ ಜೊತೆ ಒಂದೇ ಕೋಣೆಯಲ್ಲಿದ್ದರೆ ಗುಳ್ಳೆ ಏಳುವವರೆಗೆ ಕಾಯಬಾರದು. ರಕ್ಷಣೆಗೆ ಕೊಡುವ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯದ ಸೂಜಿ) 96 ಗಂಟೆಯೊಳಗೆ ಕೊಟ್ಟರೆ ಉತ್ತಮ, 10 ದಿನದವರೆಗೂ ಕೊಡಬಹುದು. ಗುಳ್ಳೆ ಎದ್ದೇಬಿಟ್ಟರೆ ಮೊದಲ 24 ಗಂಟೆಯೊಳಗೆ ವೈದ್ಯರನ್ನು ಕಾಣಬೇಕು. ವೈರಸ್ ತಡೆಯುವ ಏಸೈಕ್ಲೊವಿರ್ 800 ಮಿ.ಗ್ರಾಂ ದಿನಕ್ಕೆ ಐದು ಸಲ, 7 ದಿನ ಕೊಡುವುದು ಸಾಮಾನ್ಯ ಕ್ರಮ. ಉಸಿರು ಕಟ್ಟಿದಂತಾದರೆ ನ್ಯುಮೋನಿಯಾ ಎಂದೇ ತಿಳಿದು ಓಡಬೇಕು.

20ನೇ ವಾರದೊಳಗೆ ಬಂದರೆ ಮಗುವಿಗೆ ಅಂಗದೋಷ ಆಗುವುದು ನೂರಕ್ಕೆ ಒಂದೆರಡು ಮಾತ್ರ. ಭಾರೀ ಅಪಾಯ ಇನ್ನೊಂದು ಕಡೆಯಿದೆ. ತಾಯಿಗೆ ಗುಳ್ಳೆ ಎದ್ದದ್ದು ಹೆರಿಗೆಗೆ 5 ದಿನ ಮೊದಲಿನಿಂದ ಹೆರಿಗೆಯ 2 ದಿನ ನಂತರದೊಳಗೆ ಎಂದಾದರೆ, ಕೂಸಿಗೆ ವೈರಸ್ ಹೋಗಿರುತ್ತದೆ, ಆದರೆ ತಾಯಿಯ ದೇಹ ಪ್ರತಿಕಾಯ ತಯಾರಿಸಿ ಹೊಕ್ಕುಳಬಳ್ಳಿಯ ಮೂಲಕ ಕಳಿಸಲು ಹೊತ್ತೇ ಸಿಕ್ಕಿರುವುದಿಲ್ಲ. ಕೂಸು ಬರಿಗೈಯಲ್ಲಿ ಯುದ್ಧಕ್ಕೆ ಇಳಿದಂತೆ. ಅಂಥ ಕೂಸಿಗೆ ಹುಟ್ಟಿದ ಕೂಡಲೇ ಇಮ್ಯುನೊಗ್ಲೋಬ್ಯುಲಿನ್ ಬೇಕು, ಗುಳ್ಳೆ ಕಂಡರೆ ಏಸೈಕ್ಲೊವಿರ್ ರಕ್ತನಾಳದ ಮೂಲಕವೇ ಹೋಗಬೇಕು. ಈ ಔಷಧಗಳು ತಾಲ್ಲೂಕು ಆಸ್ಪತ್ರೆಯಲ್ಲಿ ಇಲ್ಲದಿರಬಹುದು. ಗುಳ್ಳೆ ಎದ್ದ ದಿನವೇ ಬಳ್ಳಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ (ಹಳೆಯ ವಿಮ್ಸ್), ರಾಯಚೂರು ರಿಮ್ಸ್ ಅಥವಾ ಕೊಪ್ಪಳದ ಕಿಮ್ಸ್‌ನಲ್ಲಿ ವಿಚಾರಿಸಿಟ್ಟುಕೊಳ್ಳಿ. ಬೇವಿನ ಸೊಪ್ಪು ಹಾಸಲಿ, ಮೊಸರನ್ನದ ಎಡೆ ಆಗಲಿ, ಅದಕ್ಕೆ ಅಡ್ಡಿಯಿಲ್ಲ. ಗುಳಿಗೆಯೂ ಅದರ ಜೊತೆಗೇ ಹೋಗಲಿ. ಗುಳ್ಳೆ ಒಣಗಿ ಹೊಪ್ಪಳೆಯಾಗುವವರೆಗೆ ಕೂಸನ್ನು ಬೇರೆ ಇಟ್ಟು, ಮೊಲೆಯ ಮೇಲೆ ಗುಳ್ಳೆ ಇಲ್ಲದಿದ್ದರೆ ಹಾಲು ಹಿಂಡಿ ಕುಡಿಸಬಹುದು.

ಸಣ್ಣ ಕೆಂಪು ದದ್ದು, ಕಿವಿಯ ಹಿಂದೆ ಗಂಟು, ಒಂದೆರಡು ದಿನದ ಸಣ್ಣ ಜ್ವರ, ಇಷ್ಟೇ ಇದ್ದರೆ ರುಬೆಲ್ಲಾ ಅನುಮಾನಿಸಬೇಕು. 12 ವಾರದೊಳಗೆ ಬಂದರೆ ಹತ್ತರಲ್ಲಿ ಎಂಟೊಂಬತ್ತು ಮಕ್ಕಳಿಗೆ ಪೆಟ್ಟು ಬೀಳುತ್ತದೆ, 20 ವಾರ ದಾಟಿದರೆ ಅಪರೂಪ. ಕರ್ನಾಟಕದಲ್ಲಿ 2017ರ ಫೆಬ್ರವರಿಯ ಅಭಿಯಾನದಲ್ಲಿ 15 ವರ್ಷದೊಳಗಿನವರಿಗೆ ಎಂಆರ್ (ದಡಾರ-ರುಬೆಲ್ಲಾ) ಲಸಿಕೆ ಹಾಕಿದ್ದರು. ಆಗಲೇ 15 ತುಂಬಿದ್ದವರು, ಶಾಲೆ ಬಿಟ್ಟು ಗುಳೇ ಹೋಗಿದ್ದ ಹುಡುಗಿಯರು ತಪ್ಪಿಸಿಕೊಂಡಿರಬಹುದು. ಅವರು ಮದುವೆ ಗೊತ್ತಾದಾಗಲೇ ಲಸಿಕೆ ಹಾಕಿಸಿಕೊಳ್ಳಲಿ, ಆಮೇಲೆ ಒಂದು ತಿಂಗಳು ಬಸಿರಾಗಬಾರದು. ಬಸಿರಾದ ಮೇಲೆ ಈ ಲಸಿಕೆ ಇಲ್ಲ. ಹೆರಿಗೆಯಾದ ಮೇಲೆ ಹಾಕಿಸಬಹುದು, ಹಾಲುಣಿಸುವುದಕ್ಕೆ ತೊಂದರೆಯಿಲ್ಲ.

ಕಾಮಣಿ: ಒಂದು ಹೆಸರು, ಎರಡು ವೈರಸ್

ಕಣ್ಣು ಹಳದಿಯಾದರೆ ಕಾಮಣಿ ಎನ್ನುತ್ತೇವೆ. ನೀರಿನಿಂದ ಬರುವ ಹೆಪಟೈಟಿಸ್ ಇ ಬಸುರಿಯ ಕೊನೆಯ ಮೂರು ತಿಂಗಳಲ್ಲಿ ತಾಯಿಯ ಜೀವಕ್ಕೇ ಬರುತ್ತದೆ; ಮಗು ತಿಂಗಳು ತುಂಬದೆ ಹುಟ್ಟುವುದು, ಹೊಟ್ಟೆಯಲ್ಲೇ ಸಾಯುವುದು ಉಂಟು. ಕಾಲುವೆ ನೀರು, ಒಡೆದ ಪೈಪಿನ ನೀರು ಬರುವ ಕಡೆ ಬಸುರಿಗೆ ಕುದಿಸಿ ಆರಿಸಿದ ನೀರೇ ಆಗಬೇಕು. ಕಾಮಣಿಗೆ ನಾಟಿ ಔಷಧಿ ಕುಡಿಸಿ ಮೂರು ದಿನ ಪಥ್ಯ ಹಿಡಿಯುವುದನ್ನು ಬಸುರಿಯ ಮೇಲೆ ಮಾಡಬೇಡಿ. ಮಂಪರು, ಅಸಂಬದ್ಧ ಮಾತು ಕಂಡರೆ ಅದೇ ಗಂಟೆಗೆ ದೊಡ್ಡಾಸ್ಪತ್ರೆ.

ಹೆಪಟೈಟಿಸ್ ಬಿ ಸದ್ದಿಲ್ಲದ್ದು. ತಾಯಿಗೆ ಏನೂ ಅನ್ನಿಸುವುದಿಲ್ಲ, ಎಚ್‌ಬಿಎಸ್‌ಎಜಿ ಪರೀಕ್ಷೆಯಲ್ಲಿ ಮಾತ್ರ ಗೊತ್ತಾಗುತ್ತದೆ. ಹುಟ್ಟುವಾಗ ಅಂಟಿಕೊಂಡ ಹತ್ತು ಕೂಸುಗಳಲ್ಲಿ ಒಂಬತ್ತಕ್ಕೆ ಅದು ಜೀವಮಾನದ ರೋಗವಾಗಿ ಉಳಿಯುತ್ತದೆ. ಆದರೆ ಇಡೀ ಪಟ್ಟಿಯಲ್ಲಿ ಇಷ್ಟು ಚೆನ್ನಾಗಿ ತಡೆಯಬಹುದಾದದ್ದು ಕಡಿಮೆಯೇ. ತಾಯಿ ಪಾಸಿಟಿವ್ ಇದ್ದರೆ ಕ್ರಮ ಹೀಗೆ:

1. ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ) ಪರೀಕ್ಷೆ. ಮಿ.ಲೀ.ಗೆ 2,00,000 ಐಯು ಅಥವಾ ಮೇಲಿದ್ದರೆ ಏಳನೇ ತಿಂಗಳಿಂದ (28 ವಾರ) ಟೆನೊಫೊವಿರ್ 300 ಮಿ.ಗ್ರಾಂ ದಿನಕ್ಕೊಂದು.
2. ಕೂಸು ಹುಟ್ಟಿದ 12 ಗಂಟೆಯೊಳಗೆ ಒಂದು ತೊಡೆಗೆ ಎಚ್‌ಬಿಐಜಿ (ಹೆಪಟೈಟಿಸ್ ಬಿ ಇಮ್ಯುನೊಗ್ಲೋಬ್ಯುಲಿನ್) 0.5 ಮಿ.ಲೀ., ಇನ್ನೊಂದು ತೊಡೆಗೆ ಹೆಪಟೈಟಿಸ್ ಬಿ ಲಸಿಕೆ 0.5 ಮಿ.ಲೀ. ಎರಡನ್ನೂ ಒಂದೇ ತೊಡೆಗೆ ಹಾಕಿದರೆ ಒಂದು ಇನ್ನೊಂದನ್ನು ಹೊಡೆಯುತ್ತದೆ. ತಾಯಿ ನೆಗೆಟಿವ್ ಇದ್ದರೂ ಲಸಿಕೆ 24 ಗಂಟೆಯೊಳಗೆ ಎಲ್ಲ ಕೂಸಿಗೂ ಬೇಕು.
3. 6, 10, 14ನೇ ವಾರಕ್ಕೆ ಪೆಂಟಾವೇಲೆಂಟ್. ಇದರೊಳಗೇ ಹೆಪಟೈಟಿಸ್ ಬಿ ಇದೆ.
4. 9ರಿಂದ 12 ತಿಂಗಳಿನೊಳಗೆ ಕೂಸಿನ ರಕ್ತ ಪರೀಕ್ಷೆ. ಈ ನಾಲ್ಕನೆಯದನ್ನು ಬಹಳ ಮಂದಿ ಮಾಡಿಸುವುದೇ ಇಲ್ಲ.

ಎಚ್‌ಬಿಐಜಿ ಹೊರಗೆ ಕೊಂಡರೆ ದುಬಾರಿ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಎಂಟನೇ ತಿಂಗಳಲ್ಲೇ ಕೇಳಿ ಬಾಟಲಿ ಎಲ್ಲಿದೆ ಎಂದು ತಿಳಿದುಕೊಳ್ಳಿ. ರವಿವಾರ ರಾತ್ರಿ ಹೆರಿಗೆಯಾದರೆ ಫಾರ್ಮಸಿ ಮುಚ್ಚಿರುತ್ತದೆ, 12 ಗಂಟೆ ಹೀಗೆಯೇ ಕಳೆಯುತ್ತದೆ. ಹೊರಗೆ ಕೊಂಡರೆ 2ರಿಂದ 8 ಡಿಗ್ರಿಯಲ್ಲಿ, ಐಸ್‌ಗೆ ನೇರ ತಾಗದಂತೆ ತನ್ನಿ. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟು ತಂದದ್ದನ್ನು ಹಾಕಿಸಿ ಪ್ರಯೋಜನವಿಲ್ಲ.

ಎಚ್‌ಐವಿ ಬಗ್ಗೆ ಚಿಕ್ಕದಾಗಿ: ತಾಯಿ ಎಆರ್‌ಟಿ (ಎಚ್‌ಐವಿ ಹತೋಟಿಯಲ್ಲಿಡುವ) ಗುಳಿಗೆ ಒಂದು ದಿನವೂ ತಪ್ಪಿಸದಿದ್ದರೆ ಕೂಸಿಗೆ ದಾಟುವುದು ನೂರಕ್ಕೆ ಐದಕ್ಕಿಂತ ಕಡಿಮೆ. ಕೂಸಿಗೆ ಹುಟ್ಟಿದಾಗಿನಿಂದ ಕನಿಷ್ಠ 6 ವಾರ ಔಷಧದ ಸಿರಪ್, ಆರನೇ ವಾರಕ್ಕೆ ಹಿಮ್ಮಡಿಯ ರಕ್ತದ ಹನಿ ಪರೀಕ್ಷೆ, ಕೊನೆಯ ಖಚಿತ ಪರೀಕ್ಷೆ 18 ತಿಂಗಳಿಗೆ. ಆರು ತಿಂಗಳು ಬರೀ ಎದೆಹಾಲು. ಎದೆಹಾಲು, ಡಬ್ಬಿ ಹಾಲು ಬೆರೆಸಿ ಕೊಡುವುದೇ ಕೆಟ್ಟದ್ದು.

ಟಾರ್ಚ್ ಪರೀಕ್ಷೆಯ ಗೊಂದಲ

ಟಾರ್ಚ್ ಎಂದರೆ ಬಸುರಿಯಿಂದ ಕೂಸಿಗೆ ದಾಟುವ ಕೆಲವು ಸೋಂಕುಗಳನ್ನು ಒಟ್ಟಿಗೆ ಹುಡುಕುವ ರಕ್ತ ಪರೀಕ್ಷೆ. ಸಾವಿರಾರು ರೂಪಾಯಿಯ ಈ ರಿಪೋರ್ಟ್ ಹಿಡಿದು ಅಳುತ್ತಾ ಬರುವವರಿದ್ದಾರೆ. ಐಜಿಜಿ ಪಾಸಿಟಿವ್ ಎಂದರೆ ಎಂದೋ ಬಂದು ಹೋದ ಸೋಂಕು, ಅಷ್ಟೇ. ಸೈಟೊಮೆಗಾಲೊ ವೈರಸ್ (ಸಿಎಂವಿ) ಐಜಿಜಿ ನಮ್ಮ ದೇಶದ ಬಹುತೇಕ ಹೆಂಗಸರಲ್ಲಿ ಪಾಸಿಟಿವ್ ಇದ್ದೇ ಇರುತ್ತದೆ. ಐಜಿಎಂ ಪಾಸಿಟಿವ್ ಬಂದರೂ ಅದು ತಿಂಗಳುಗಟ್ಟಲೆ ಉಳಿದದ್ದಾಗಿರಬಹುದು, ಸುಳ್ಳೂ ಆಗಿರಬಹುದು. ಅವಿಡಿಟಿ (ಸೋಂಕು ಹೊಸದೋ ಹಳೆಯದೋ ತೋರಿಸುವ) ಪರೀಕ್ಷೆ, ಎರಡು ಮೂರು ವಾರ ಬಿಟ್ಟು ಮತ್ತೊಂದು ರಕ್ತ, 18ರಿಂದ 20ನೇ ವಾರದ ಸ್ಕ್ಯಾನಿಂಗ್ ಇವನ್ನೆಲ್ಲ ಕೂಡಿಸಿ ನೋಡದೆ ಯಾರೂ ಬಸಿರು ತೆಗೆಸುವ ಮಾತಾಡಬಾರದು. ಜ್ವರ ಇಲ್ಲ, ದದ್ದು ಇಲ್ಲ, ಸ್ಕ್ಯಾನಿಂಗ್ ಸರಿ ಇದೆ ಎಂದರೆ ಈ ಪರೀಕ್ಷೆಯ ದುಡ್ಡನ್ನು ಮೊಟ್ಟೆ-ಹಾಲಿಗೆ ಹಾಕುವುದು ಲೇಸು ಎಂಬುದು ನಮ್ಮ ಅಭಿಪ್ರಾಯ.

ಕೂಸಿಗೆ ಸಿಎಂವಿ ಅನುಮಾನ ಬಂದರೆ ಮಾತ್ರ ಗಡಿಯಾರ ಓಡುತ್ತದೆ. ಮೂತ್ರ ಅಥವಾ ಎಂಜಲಿನ ಪರೀಕ್ಷೆ ಹುಟ್ಟಿದ 21 ದಿನದೊಳಗೇ ಆಗಬೇಕು. ಆಮೇಲೆ ವೈರಸ್ ಸಿಕ್ಕರೂ ಅದು ಹೊಟ್ಟೆಯಲ್ಲೇ ಬಂದದ್ದೋ, ಹುಟ್ಟಿದ ಮೇಲೆ ಹಾಲಿನಿಂದ ಬಂದದ್ದೋ ಹೇಳಲಾಗದು.

ಕೂಸಿನಲ್ಲಿ ನೋಡುವುದು

ಹುಟ್ಟಿದ ಮರುದಿನ ತಲೆಯ ಸುತ್ತಳತೆ ಅಳೆಸಿ. ಹಿಗ್ಗದ ಟೇಪು ಹುಬ್ಬಿನ ಮೇಲೆ, ಕಿವಿಯ ಮೇಲೆ ಹಾದು ಹಿಂದಲೆಯ ಉಬ್ಬನ್ನು ಬಳಸಬೇಕು; ಮೂರು ಸಲ ಅಳೆದು ದೊಡ್ಡದನ್ನು ಬರೆಯಬೇಕು. ತಿಂಗಳು ತುಂಬಿದ ಕೂಸಿಗೆ 33ರಿಂದ 35 ಸೆಂ.ಮೀ. ಸಾಮಾನ್ಯ, 32ಕ್ಕಿಂತ ಕಡಿಮೆಯಿದ್ದರೆ ಮಕ್ಕಳ ವೈದ್ಯರು ನೋಡಲೇಬೇಕು. ಕಣ್ಣಿನ ಪಾಪೆಯಲ್ಲಿ ಬಿಳಿ ಕಂಡರೆ ಪೊರೆ ಇರಬಹುದು. "ದೊಡ್ಡದಾದ ಮ್ಯಾಲೆ ನೋಡೋಣ" ಎನ್ನಬೇಡಿ, ಶಸ್ತ್ರಚಿಕಿತ್ಸೆ 6ರಿಂದ 8 ವಾರದೊಳಗೆ ಆದರೆ ದೃಷ್ಟಿ ಉಳಿಯುವ ಸಾಧ್ಯತೆ ಹೆಚ್ಚು.

ಬೇಸಿಗೆಯಲ್ಲಿ ಒಂದು ತೊಡಕಿದೆ. ಬಾಣಂತಿ ಕೋಣೆಯ ಕಿಟಕಿ ಮುಚ್ಚಿ, ಕುಲಾವಿ ಹಾಕಿ, ಎರಡು ದುಪ್ಪಟಿ ಸುತ್ತಿ, ಕೆಳಗೆ ಕೆಂಡದ ಹೊಗೆ ಇಟ್ಟರೆ ಯಾವ ಕೂಸಿನ ಮೈಯಾದರೂ ಕಾಯುತ್ತದೆ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು 37.5 ಡಿಗ್ರಿ (99.5 ಫ್ಯಾರನ್‌ಹೀಟ್) ಅಥವಾ ಮೇಲಿದ್ದರೆ ಬಟ್ಟೆ ಸಡಿಲಿಸಿ, ತಂಪು ಕೋಣೆಗೆ ತಂದು ಹಾಲು ಕುಡಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಇಳಿದರೆ ಅದು ಬಿಸಿಲಿನ ಕಾವು. ಇಳಿಯದಿದ್ದರೆ ಸೋಂಕು ಎಂದೇ ತಿಳಿದು ಹೊರಡಿ. ಆದರೆ ತಾಯಿಗೆ ಹೆರಿಗೆಯ ಹೊತ್ತಿಗೆ ಜ್ವರ ಇದ್ದಿದ್ದರೆ, ಕೂಸು ಹಾಲು ಬಿಟ್ಟಿದ್ದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರಾಡುತ್ತಿದ್ದರೆ, ಫಿಟ್ಸ್ ಬಂದರೆ, ಅಂಗೈ-ಅಂಗಾಲು ಹಳದಿಯಾದರೆ ಈ ಅರ್ಧ ಗಂಟೆಯನ್ನೂ ಕಾಯಬೇಡಿ.

ಕಿವಿಯ ಪರೀಕ್ಷೆ ಹುಟ್ಟಿದಾಗ ಪಾಸಾದರೂ ಸಿಎಂವಿ ಆದ ಮಗುವಿಗೆ ಕಿವುಡು ತಡವಾಗಿ ಬರಬಹುದು. ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ಶಾಲೆಗೆ ಸೇರುವವರೆಗೂ ಮತ್ತೆ ಮತ್ತೆ ಮಾಡಿಸಬೇಕು. ರುಬೆಲ್ಲಾದಿಂದ ಹುಟ್ಟಿದ ಕೂಸು ಒಂದು ವರ್ಷದವರೆಗೂ ವೈರಸ್ ಹೊರಹಾಕಬಲ್ಲದು. ತೊಟ್ಟಿಲು ಹಾಕುವ ದಿನ ಬೇರೆ ಬಸುರಿಯರು ಎತ್ತಿಕೊಳ್ಳದಂತೆ ನೋಡಿಕೊಳ್ಳಿ.

ತವರಿಗೆ ಹೋಗುವಾಗ

ಕುಬಸ ಮುಗಿಸಿ ತವರಿಗೆ ಹೊರಟಾಗ ಸೀರೆ-ಬಳೆ ಚೀಲದ ಜೊತೆ ತಾಯಿ ಕಾರ್ಡ್, ಎಲ್ಲ ರಿಪೋರ್ಟ್ ಹೋಗಬೇಕು. ತವರು ಆದೋನಿ, ಗುಂತಕಲ್ಲು, ಗದ್ವಾಲ ಕಡೆ ಇದ್ದರೆ ಅಲ್ಲಿನ ಸಿಬ್ಬಂದಿಗೆ ಕನ್ನಡದ ಬರಹ ಓದಲು ಬರುವುದಿಲ್ಲ. ಪಾಸಿಟಿವ್ ಬಂದ ಪರೀಕ್ಷೆಯ ಹೆಸರು, ದಿನಾಂಕ, ಕೊಟ್ಟ ಗುಳಿಗೆಯನ್ನು ವೈದ್ಯರಿಂದಲೇ ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ಗುಳೇ ಹೋಗುವವರೂ ಹಾಗೇ. ಎಲ್ಲದರ ಫೋಟೊ ಗಂಡನ ಫೋನಿನಲ್ಲೊಂದು, ತಮ್ಮನ ಫೋನಿನಲ್ಲೊಂದು ಇರಲಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ತಜ್ಞರು ಗರ್ಭಿಣಿಯರನ್ನು ಉಚಿತವಾಗಿ ನೋಡುವ ದಿನ, ತವರಿಗೆ ಹೋದ ಮೇಲೆ ಬರುವ ಮೊದಲ 9ಕ್ಕೇ ಆ ಚೀಟಿ ಹಿಡಿದು ಹೋಗಿ.